ಒಂದೇ ಮನೆಯ ದುಃಖ, ಎರಡು ನಂಬಿಕೆ
ಬೆಳೆದ ಮಗನನ್ನು ಕಳೆದುಕೊಂಡ ದಂಪತಿಯಲ್ಲಿ ಒಬ್ಬರು ಸೋಮವಾರ ತಪ್ಪದೆ ಹುಬ್ಬಳ್ಳಿಯ ಸಿದ್ಧಾರೂಢ ಮಠಕ್ಕೆ ಹೋಗಿ ಕೂರುತ್ತಿದ್ದರೆ, ಇನ್ನೊಬ್ಬರು ದೇವರ ಹೆಸರೆತ್ತಿದರೇ ಸಿಡಿಮಿಡಿಗೊಂಡರೆ, ಅದನ್ನು ಪ್ರೀತಿಯ ಕೊರತೆಯೆಂದು ಎಣಿಸಬೇಡಿ.

ಮೊದಲು ವಿಧಿಗಳ ವಿಷಯ ಇತ್ಯರ್ಥವಾಗಲಿ. ಲಿಂಗಾಯತರಲ್ಲಿ ಶವವನ್ನು ಹೂಳುವುದು ರೂಢಿ, ಶರಣತತ್ತ್ವದಂತೆ ಮರಣಸೂತಕವೂ ಇಲ್ಲ. ವೈದಿಕ ಮನೆತನದಲ್ಲಿ ಬೆಳೆದವರಿಗಾದರೋ 10 ದಿನಗಳ ಸೂತಕ ಕಳೆಯದೆ ಮನಸ್ಸು ಹಗುರಾಗದು. ಇಂಥ ಎರಡು ಮನೆತನಗಳಿಂದ ಬಂದವರು, ಯಾವ ವಿಧಿ ಯಾರ ಸಮಾಧಾನಕ್ಕೆ ಬೇಕೆಂಬುದನ್ನು ಬಂಧುಗಳು ಬಂದು ಪಡಸಾಲೆ ತುಂಬುವ ಮುನ್ನ ಇಬ್ಬರೇ ಕುಳಿತು ಮಾತಾಡಿಕೊಳ್ಳಬೇಕು. ಬೀಗರೆದುರು ಈ ಚರ್ಚೆ ಖಂಡಿತ ಬೇಡ.

ನಂಬದವರು ಪೂಜೆ ಮಾಡಬೇಕಿಲ್ಲ, ಫೋಟೋಕ್ಕೆ ವಿಭೂತಿ ಹಚ್ಚುವಾಗ ಪಕ್ಕದಲ್ಲಿ ನಿಂತರೆ ಸಾಕು. ನಂಬುವವರು, ‘ದೇವರಿಗೆ ಬೇಕಾಗಿದ್ದ, ಕರಕೊಂಡ’ ಎಂಬ ಮಾತನ್ನು ನುಂಗಿಕೊಳ್ಳಬೇಕು. ಅವರಿಗೆ ಸಾಂತ್ವನವಾಗುವ ಆ ಮಾತೇ ಎದುರಿನವರನ್ನು ಸುಡುತ್ತದೆ. ಮಗನ ಅಂಗಿಗಳನ್ನು ದಾನ ಕೊಡುವುದೋ ಇಟ್ಟುಕೊಳ್ಳುವುದೋ ಎಂಬಲ್ಲಿ ಜಗಳವಾದರೆ, ಮಡಚಿ ಟ್ರಂಕಿನಲ್ಲಿಟ್ಟು ನಿರ್ಧಾರವನ್ನು ಆರು ತಿಂಗಳು ಮುಂದೂಡಿ.

ಊಟ, ನಿದ್ದೆ ವಾರಗಟ್ಟಲೆ ತಪ್ಪಿದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ. ಬದುಕೇ ಬೇಡವೆನಿಸಿದರೆ ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.