ಗೋಕರ್ಣದ ಕಡಲಂಚಿನ ನಡಿಗೆ: ಮೊದಲು ತಿಥಿ ನೋಡಿ, ಆಮೇಲೆ ಹೊರಡಿ

ಗೋಕರ್ಣದ ಗೆಸ್ಟ್‌ಹೌಸ್‌ಗಳಲ್ಲಿ ಉಳಿಯುವ ಹಲವರು ಆಟೋದಲ್ಲಿ ಓಂ ಬೀಚಿಗೆ ಹೋಗಿ, ಫೋಟೊ ತೆಗೆದು ವಾಪಸಾಗುತ್ತಾರೆ. ಊರಿನ ಕಡಲತೀರದಿಂದ ಕುಡ್ಲೆ, ಓಂ, ಹಾಫ್ ಮೂನ್ ದಾಟಿ ಪ್ಯಾರಡೈಸ್‌ವರೆಗೆ ನಡೆದೇ ಹೋಗಬಹುದು. ಕೊನೆಯ ಎರಡು ತೀರಗಳಿಗೆ ಕಾಲುದಾರಿ ಅಥವಾ ದೋಣಿಯೇ ಗತಿ. ಸುಮ್ಮನೆ ನಡೆದರೆ ಎರಡು ಗಂಟೆ ಸಾಕು. ತಿಂಡಿ, ವಿಶ್ರಾಂತಿ ಸೇರಿದರೆ ಅರ್ಧ ದಿನ ಬೇಕು.

ಹೊರಡುವ ಹೊತ್ತನ್ನು ನಿರ್ಧರಿಸಬೇಕಾದ್ದು ಸಮುದ್ರ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇಲ್ಲಿ ಉಬ್ಬರ ಸುಮಾರಾಗಿ ಮಧ್ಯಾಹ್ನದ ಹತ್ತಿರ ಬರುತ್ತದೆ, ಬೆಳಗಿನ ಜಾವ ಮತ್ತು ಸಂಜೆ ಇಳಿತ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಾ ಅಷ್ಟಮಿಯ ಹೊತ್ತಿಗೆ ಲೆಕ್ಕ ತಿರುಗುಮುರುಗಾಗುತ್ತದೆ. ಆ ದಿನದ ನಿಖರ ಸಮಯ ಮೊಬೈಲಿನಲ್ಲೂ ಸಿಗುತ್ತದೆ, ದೋಣಿಯವರಿಗೂ ಗೊತ್ತಿರುತ್ತದೆ. ನೀರು ಇಳಿದಾಗ ಬಂಡೆಗಳ ಬುಡದಲ್ಲಿ ನಡೆಯಲು ಜಾಗವಿರುತ್ತದೆ. ಉಬ್ಬರದಲ್ಲಿ ಅದೇ ಜಾಗಕ್ಕೆ ಅಲೆ ಬಡಿಯುತ್ತದೆ, ಪಾಚಿ ಹಿಡಿದ ಕಲ್ಲು ಜಾರುತ್ತದೆ. ಆಗ ಗುಡ್ಡದ ಮೇಲಿನ ದಾರಿಯನ್ನೇ ಹಿಡಿಯಿರಿ, ಸುತ್ತಾದರೂ ಸರಿ.

ಬೆಳಿಗ್ಗೆ ಆರೂವರೆಗೆ ಹೊರಡಿ. ತಲೆಗೆ ಎರಡು ಲೀಟರ್ ನೀರು, ಟೊಪ್ಪಿ, ಚಿಲ್ಲರೆ ಹಣ, ಹಿಡಿತವಿರುವ ಶೂ. ಹವಾಯಿ ಚಪ್ಪಲಿ ಬೇಡ, ಇಳಿಜಾರಿನಲ್ಲಿ ಉಂಗುಟ ಕಿತ್ತುಬರುತ್ತದೆ. ಊರಿನ ತೀರದ ದಕ್ಷಿಣದ ತುದಿಯಲ್ಲಿ ರಾಮತೀರ್ಥ. ಅದರ ಪಕ್ಕದ ಮೆಟ್ಟಿಲು ಹತ್ತಿದರೆ ಚಿರೇಕಲ್ಲಿನ ಬಯಲು. ನೆರಳೇ ಇಲ್ಲದ ಈ ಬಯಲು ಹತ್ತು ಗಂಟೆಯ ಮೇಲೆ ಕಾದ ಹಂಚು. ಅರ್ಧ ಗಂಟೆಯೊಳಗೆ ಕುಡ್ಲೆ, ಅಲ್ಲಿಂದ ಗುಡ್ಡ ಹತ್ತಿಳಿದರೆ ಇಪ್ಪತ್ತು ನಿಮಿಷಕ್ಕೆ ಓಂ. ತಿಂಡಿ ಮುಗಿಸಿ, ಬಾಟಲಿಗಳನ್ನು ಇಲ್ಲೇ ತುಂಬಿಸಿಕೊಳ್ಳಿ. ಮುಂದೆ ಅಂಗಡಿ ತೆರೆದಿರುತ್ತದೆಂದು ನಂಬಿ ಹೋಗಬೇಡಿ.

ಓಂ ತೀರದ ದಕ್ಷಿಣದ ಕೊನೆಯಿಂದ ಹಾಫ್ ಮೂನಿಗೆ ಹೋಗುವ ದಾರಿ ಕಿರಿದು, ಒಂದು ಬದಿಯಲ್ಲಿ ನೇರ ಕಡಲು. ಒಬ್ಬರ ಹಿಂದೊಬ್ಬರು ನಡೆಯಿರಿ, ಸೆಲ್ಫಿಗೆ ಅಂಚಿಗೆ ಹೋಗಬೇಡಿ. ಹಾಫ್ ಮೂನಿನಿಂದ ಪ್ಯಾರಡೈಸಿಗೆ ಕುರುಚಲು ಕಾಡಿನ ನಡುವೆ ದಾರಿ ಕವಲೊಡೆಯುತ್ತದೆ. ಕಡಲಿನ ಸದ್ದು ಬಲಗಿವಿಗೆ ಬೀಳುತ್ತಿದ್ದರೆ ದಾರಿ ಸರಿಯಿದೆ.

ಬರುವಾಗ ದೋಣಿ ಹಿಡಿಯುವುದೇ ಜಾಣತನ. ಜನ ಸೇರಿದ ಮೇಲೇ ಅದು ಹೊರಡುತ್ತದೆ. ಹತ್ತುವ ಮುನ್ನ ಬಾಡಿಗೆ ಮಾತಾಡಿ, ಲೈಫ್ ಜಾಕೆಟ್ ಕೇಳಿ ತೊಟ್ಟುಕೊಳ್ಳಿ. ಮಳೆಗಾಲದಲ್ಲಿ ದೋಣಿ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ನಡಿಗೆಯನ್ನೇ ಕೈಬಿಡಿ. ಸೂರ್ಯಾಸ್ತ ಪ್ಯಾರಡೈಸಿನಲ್ಲೇ ನೋಡುತ್ತೇನೆಂದು ಹಟ ಹಿಡಿದವರಿಗೆ ಕತ್ತಲಲ್ಲಿ ಗುಡ್ಡ ಇಳಿಯುವ ಪಾಡು. ಅದಕ್ಕೆ ಕುಡ್ಲೆಯೇ ಸಾಕು.

ನೀರಿಗಿಳಿಯುವವರು ಒಂದು ವಿಷಯ ಗಮನಿಸಬೇಕು. ಅಲೆ ಒಡೆಯದೆ ಶಾಂತವಾಗಿ ಕಾಣುವ ಪಟ್ಟಿಯೇ ಹಲವು ಸಲ ಅಪಾಯದ ಜಾಗ. ದಡಕ್ಕೆ ಬಂದ ನೀರು ಅಲ್ಲಿಂದಲೇ ಒಳಕ್ಕೆ ಹಿಂದಿರುಗುತ್ತದೆ. ಮರಳು ಕದಡಿ ಬಣ್ಣ ಕೆಂಚಗಾಗಿರುವುದೂ ಉಂಟು. ಸೆಳೆತಕ್ಕೆ ಸಿಕ್ಕರೆ ದಡದತ್ತ ಈಜಿ ದಣಿಯಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ತಿರುಗಿ. ಈಜು ಬಾರದವರು ಮೊಣಕಾಲಿನಾಚೆ ಹೋಗಬಾರದು. ದಡದಲ್ಲಿರುವವರು ಹಿಂದೆ ಹಾರದೆ ತೇಲುವ ವಸ್ತುವನ್ನೋ ಹಗ್ಗವನ್ನೋ ಎಸೆದು, ಕೂಗಿ ಜನ ಸೇರಿಸಿ, 112ಕ್ಕೆ ಕರೆ ಮಾಡಬೇಕು.

ಮಧ್ಯಾಹ್ನ ದೇವಸ್ಥಾನ ಮುಚ್ಚಿರುತ್ತದೆ, ಸಂಜೆ ಐದರ ನಂತರ ಹೋಗಿ. ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ ಎಂಬುದು ರೂಢಿ. ಗಂಡಸರು ಅಂಗಿ ತೆಗೆದು ಪಂಚೆ ಉಡಬೇಕು. ಬೀಚಿನ ಚಡ್ಡಿಯಲ್ಲಿ ಬಂದರೆ ಬಾಗಿಲಿನಿಂದಲೇ ವಾಪಸ್.

ಇನ್ನೊಂದು ದಿನ ಕೈಯಲ್ಲಿದ್ದರೆ ಹೆದ್ದಾರಿ 66ರ ಪಕ್ಕದಲ್ಲಿರುವ ಮಿರ್ಜಾನ್ ಕೋಟೆ ನೋಡಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಳುಮೆಣಸು ವ್ಯಾಪಾರದೊಂದಿಗೆ ಹೆಸರು ಬೆಸೆದ ಕೋಟೆಯಿದು. ಮಳೆ ಮುಗಿದ ಹೊಸತರಲ್ಲಿ ಗೋಡೆಗಳೆಲ್ಲ ಹಸಿರು. ಹಾವಸೆ ಇರುವುದರಿಂದ ಗೋಡೆ ಹತ್ತುವುದು ಬೇಡ.