ಅಲಂಕಾರ ನಿಲ್ಲುವ ಸಾಲು

ಸೇಡಂ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ. ನಮ್ಮ ಹತ್ತನೆಯ ತರಗತಿಯ ಮಕ್ಕಳಿಗೆ ಅಲಂಕಾರಗಳ ಲಕ್ಷಣ ಚೆನ್ನಾಗಿ ಬಾಯಿಗೆ ಬಂದಿರುತ್ತದೆ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ಬೇರ್ಪಡಿಸಿ, ಕೆಳಗೆ ಸಮನ್ವಯ ಬರೆದು, ಪೂರ್ತಿ ಅಂಕವನ್ನೂ ಪಡೆಯುತ್ತಾರೆ. ಅದೇ ಮಕ್ಕಳನ್ನು ಪದ್ಯ ಏನು ಹೇಳುತ್ತದೆ ಎಂದು ಕೇಳಿದರೆ ಸಾರಾಂಶ ಒಪ್ಪಿಸುತ್ತಾರೆ. ಆ ಸಾರಾಂಶದಲ್ಲಿ ಅಲಂಕಾರದ ಸುಳಿವೇ ಇರುವುದಿಲ್ಲ. ಅವರ ಮಟ್ಟಿಗೆ ಅಲಂಕಾರವು ವ್ಯಾಕರಣದ ಪ್ರಶ್ನೆ, ಆಶಯವು ಪದ್ಯದ ಪ್ರಶ್ನೆ, ಒಂದಕ್ಕೊಂದು ಸಂಬಂಧವಿಲ್ಲ. ಈ ಎರಡನ್ನೂ ಒಂದೇ ಪಾಠದೊಳಗೆ ಕೂಡಿಸುವುದಕ್ಕಾಗಿ ನಾನು ರೂಢಿಸಿಕೊಂಡ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ವಸ್ತು ಬೇರೆ, ಆಶಯ ಬೇರೆ ಎಂಬುದನ್ನು ಮಕ್ಕಳಿಗೆ ಮನದಟ್ಟು ಮಾಡಿಸುತ್ತೇನೆ. ಪದ್ಯ ಯಾವುದರ ಬಗ್ಗೆ ಇದೆಯೋ ಅದು ವಸ್ತು. ಅದರ ಬಗ್ಗೆ ಪದ್ಯ ಏನನ್ನು ಹೇಳುತ್ತದೆಯೋ ಅದು ಆಶಯ. ‘ಭಕ್ತಿ’ ಎಂದೋ ‘ದೇಶಪ್ರೇಮ’ ಎಂದೋ ಒಂದೇ ಪದ ಬರೆದರೆ ಆಶಯವನ್ನು ಬರೆದಂತಾಗುವುದಿಲ್ಲ. ಆಶಯಕ್ಕೆ ಕ್ರಿಯಾಪದ ಬೇಕು, ಅದೊಂದು ಪೂರ್ಣ ವಾಕ್ಯವಾಗಬೇಕು ಎಂಬುದು ನನ್ನ ತರಗತಿಯ ನಿಯಮ. ಇದಷ್ಟರಿಂದಲೇ ಅರ್ಧ ಕೆಲಸ ಹಗುರಾಗುತ್ತದೆ, ಏಕೆಂದರೆ ವಾಕ್ಯ ಬರೆಯಲು ಹೊರಟ ಮಗು ಮತ್ತೆ ಪದ್ಯದ ಕಡೆಗೇ ತಿರುಗಿ ನೋಡಬೇಕಾಗುತ್ತದೆ.

ಕಲಿಸಲು ನಾನು ವಚನಗಳಿಂದಲೇ ತೊಡಗುತ್ತೇನೆ. ಬಸವಕಲ್ಯಾಣ ನಮಗೆ ದೂರದ ಊರಲ್ಲ ಎಂಬುದು ಒಂದು ಕಾರಣವಾದರೆ, ವಚನ ಚಿಕ್ಕದು, ಮಾತಿಗೆ ಹತ್ತಿರವಾದದ್ದು, ಅದರೊಳಗಿನ ಅಲಂಕಾರ ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ ಎಂಬುದು ಇನ್ನೂ ದೊಡ್ಡ ಕಾರಣ. ಮೊದಲು ಆರಿಸುವುದು ಬಸವಣ್ಣನವರ ಪ್ರಸಿದ್ಧ ವಚನವನ್ನು:

ಉಳ್ಳವರು ಶಿವಾಲಯವ ಮಾಡುವರು,
ನಾನೇನ ಮಾಡುವೆ ಬಡವನಯ್ಯಾ.
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಶವಯ್ಯಾ.
ಕೂಡಲಸಂಗಮದೇವಾ ಕೇಳಯ್ಯಾ,
ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ.

ಇದು ರೂಪಕ ಎಂದು ಎಲ್ಲರೂ ಒಮ್ಮೆಲೇ ಹೇಳುತ್ತಾರೆ. ಅಲ್ಲಿಗೆ ಬಿಡದೆ, ಅದನ್ನು ಉಪಮೆಯಾಗಿ ತಿರುಗಿಸಿ ಬರೆಯಿರಿ ಎಂದು ಕೇಳುತ್ತೇನೆ. ‘ನನ್ನ ಕಾಲು ಕಂಬದಂತಿದೆ, ದೇಹ ದೇಗುಲದಂತಿದೆ, ಶಿರ ಹೊನ್ನ ಕಳಶದಂತಿದೆ’ ಎಂದು ಬರೆಯುತ್ತಾರೆ. ಎರಡನ್ನೂ ಗಟ್ಟಿಯಾಗಿ ಓದಿಸಿ, ಏನು ಹೋಯಿತು ಎಂದು ಕೇಳಿ, ಮಕ್ಕಳು ಸುಮ್ಮನಿದ್ದರೂ ನಾನು ಉತ್ತರ ಹೇಳದೆ ಕಾಯುತ್ತೇನೆ. ಉಪಮೆಯಲ್ಲಿ ದೇಗುಲ ದೊಡ್ಡದಾಗಿಯೇ ಉಳಿಯುತ್ತದೆ, ದೇಹ ಅದನ್ನು ಹೋಲಲು ಪ್ರಯತ್ನಿಸುತ್ತದೆ. ರೂಪಕದಲ್ಲಾದರೋ ‘ಕಾಲೇ’, ‘ದೇಹವೇ’, ‘ಶಿರವೇ’ ಎಂಬ ಒತ್ತಿನಿಂದ ಭೇದವೇ ಅಳಿದು, ಬೇರೊಂದು ದೇಗುಲದ ಅಗತ್ಯವೇ ಇಲ್ಲವಾಗುತ್ತದೆ. ಉಪಮೇಯಕ್ಕೂ ಉಪಮಾನಕ್ಕೂ ಅಭೇದ ಕಲ್ಪಿಸುವುದೇ ರೂಪಕ ಎಂಬ ಲಕ್ಷಣವಾಕ್ಯಕ್ಕೆ ಆಗ ಜೀವ ಬರುತ್ತದೆ. ಆ ಅಭೇದವೇ ವಚನದ ವಾದ. ಅದನ್ನು ತೆಗೆದರೆ ಉಳಿಯುವುದು ವಿನಯದ ಮಾತು ಮಾತ್ರ.

ಇಷ್ಟಾದ ಮೇಲೆ ಸಾಲುಗಳ ಅನುಕ್ರಮವನ್ನು ನೋಡಿಸುತ್ತೇನೆ. ನಮ್ಮ ಭಾಗದಲ್ಲಿ ಶಹಾಬಾದ ಕಲ್ಲಿನ ಗಣಿಗಳಲ್ಲಿ, ಗಾರೆ ಕೆಲಸದಲ್ಲಿ ದುಡಿಯುವ ಮನೆಗಳ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ. ಅಂಥ ಒಬ್ಬ ಹುಡುಗ, “ಮೊದಲ ಕಂಬ, ಆಮ್ಯಾಲ ಗುಡಿ, ಕಡೀಗಿ ಕಳಸ. ಕಟ್ಟೋದು ಹಿಂಗೇ ಅಲ್ರಿ ಸರ್” ಎಂದ. ರೂಪಕವು ಕೆಳಗಿನಿಂದ ಮೇಲಕ್ಕೆ, ಗುಡಿ ಕಟ್ಟುವ ಕ್ರಮದಲ್ಲೇ ಏರುತ್ತದೆ. ಬಡವನು ನಮ್ಮ ಕಣ್ಣೆದುರಿನಲ್ಲೇ ಗುಡಿಯನ್ನು ಕಟ್ಟಿ ಮುಗಿಸುತ್ತಾನೆ. ಅಷ್ಟೇ ಅಲ್ಲ, ಕಲ್ಲಿನ ಕಂಬ ನಿಂತಲ್ಲೇ ನಿಲ್ಲುತ್ತದೆ, ಕಾಲು ನಡೆಯುತ್ತದೆ. ಕೊನೆಯ ಸಾಲಿನಲ್ಲಿ ಬರಲಿರುವ ಸ್ಥಾವರ ಮತ್ತು ಜಂಗಮಗಳ ಎದುರುಬದುರು ‘ಕಾಲೇ ಕಂಬ’ ಎನ್ನುವಾಗಲೇ ಬೀಜರೂಪದಲ್ಲಿ ಬಂದುಬಿಟ್ಟಿದೆ.

ಈ ಹಂತದಲ್ಲಿ ಮೊದಲ ಎರಡು ಸಾಲುಗಳಿಗೆ ಹಿಂದಿರುಗುತ್ತೇನೆ. ಪ್ರಾರಂಭದಲ್ಲಿ ಎಲ್ಲರೂ ‘ನಾನೇನ ಮಾಡುವೆ ಬಡವನಯ್ಯಾ’ ಎಂಬುದನ್ನು ಗೋಳಿನ ಧ್ವನಿಯಲ್ಲಿ ಓದಿರುತ್ತಾರೆ. ಎರಡನೆಯ ಓದಿನ ಬಳಿಕ ಒಬ್ಬ ಹುಡುಗಿ, “ಬಡವ ಅಂತ ಅಳ್ಲತ್ತಿಲ್ರಿ ಸರ್, ಉಳ್ಳೋರಿಗೇ ಮಾತು ಹೇಳ್ಲತ್ತಾರ್ರಿ” ಎಂದಳು. ಅವಳು ಆಡಿದ್ದು ನಮ್ಮ ಕಾವ್ಯಮೀಮಾಂಸಕರು ಧ್ವನಿ ಎಂದು ಕರೆದದ್ದನ್ನೇ. ವಾಚ್ಯಾರ್ಥ ಬಡವನ ಸಂಕೋಚ. ವ್ಯಂಗ್ಯಾರ್ಥ ಉಳ್ಳವರ ಕಟ್ಟಡದ ಮೇಲಿನ ತೀರ್ಪು. ಧ್ವನಿಯ ತತ್ವವನ್ನು ಪ್ರತಿಪಾದಿಸಿದ ಆನಂದವರ್ಧನನ ಹೆಸರನ್ನು ನಾನು ತರಗತಿಯಲ್ಲಿ ಎತ್ತುವುದಿಲ್ಲ, ಆದರೆ ಅವನ ಮಾತಿನ ತಿರುಳು ಪ್ರೌಢಶಾಲೆಯ ಮಕ್ಕಳಿಗೆ ಎಟುಕದು ಎಂಬ ಅಭಿಪ್ರಾಯವನ್ನು ನಾನು ಒಪ್ಪುವುದೂ ಇಲ್ಲ.

ಇಂಥ ಓದುಗಳಿಂದ ನನಗೆ ದೊರೆತ ಒಂದು ಕೀಲಿಕೈ ಎಂದರೆ, ಅಲಂಕಾರ ಎಲ್ಲಿ ನಿಲ್ಲುತ್ತದೆ ಎಂದು ನೋಡುವುದು. ಅನೇಕ ವಚನಗಳಲ್ಲಿ ಹೋಲಿಕೆಗಳು ಒಂದರ ಹಿಂದೊಂದು ಬಂದು, ವಚನಕಾರರ ಇಷ್ಟದೈವದ ಹೆಸರಾದ ಅಂಕಿತದ ಸುತ್ತಮುತ್ತ ಥಟ್ಟನೆ ನಿಂತು, ಮಾತು ನೇರವಾಗುತ್ತದೆ. ಆ ತಿರುವಿನ ಹಿಂದಿನ ಸಾಲುಗಳನ್ನೂ ಮುಂದಿನ ಸಾಲನ್ನೂ ಜೋಡಿಸಿ ನೋಡಿದರೆ ಆಶಯದ ವಾಕ್ಯ ಸಿಗುತ್ತದೆ.

ಅಕ್ಕಮಹಾದೇವಿಯ ‘ಬೆಟ್ಟದ ಮೇಲೊಂದು ಮನೆಯ ಮಾಡಿ’ ವಚನ ಇದಕ್ಕೆ ಅತ್ಯುತ್ತಮ ಪಾಠ. ಬೆಟ್ಟದ ಮೇಲೆ ಮನೆ ಮಾಡಿ ಮೃಗಗಳಿಗೆ ಅಂಜಿದಡೆಂತಯ್ಯಾ, ಸಮುದ್ರದ ತಡಿಯಲ್ಲಿ ಮನೆ ಮಾಡಿ ನೊರೆತೆರೆಗಳಿಗೆ ಅಂಜಿದಡೆಂತಯ್ಯಾ, ಸಂತೆಯೊಳಗೆ ಮನೆ ಮಾಡಿ ಶಬ್ದಕ್ಕೆ ನಾಚಿದಡೆಂತಯ್ಯಾ ಎಂದು ಮೂರು ಚಿತ್ರಗಳು ಬಂದು, ಚೆನ್ನಮಲ್ಲಿಕಾರ್ಜುನನ ಅಂಕಿತವಾದ ಮೇಲೆ, ಲೋಕದಲ್ಲಿ ಹುಟ್ಟಿದ ಬಳಿಕ ಸ್ತುತಿನಿಂದೆಗಳು ಬಂದರೆ ಮನದಲ್ಲಿ ಕೋಪವ ತಾಳದೆ ಸಮಾಧಾನಿಯಾಗಿರಬೇಕು ಎಂಬ ಅಲಂಕಾರವಿಲ್ಲದ ಮಾತು ಬರುತ್ತದೆ. ಮೂರು ಚಿತ್ರಗಳೂ ಒಂದೇ ಅರ್ಥದವು ಎಂದು ಹೇಳಿ ಮುಂದೆ ಸಾಗುವುದು ಸುಲಭ. ನಾನು ಕ್ರಿಯಾಪದಗಳಿಗೆ ಗೆರೆ ಹಾಕಿಸುತ್ತೇನೆ. ಎರಡು ಸಲ ‘ಅಂಜಿದಡೆ’, ಮೂರನೆಯ ಸಲ ‘ನಾಚಿದಡೆ’. ಈ ಬದಲಾವಣೆ ಏಕೆ? ಮೃಗದಿಂದ, ತೆರೆಯಿಂದ ಬರುವುದು ಮೈಗೆ ಅಪಾಯ; ಅದಕ್ಕೆ ಅಂಜಿಕೆ ಸಹಜ. ಸಂತೆಯಲ್ಲಿರುವುದು ಜನ, ಜನರ ಬಾಯಿ. ಅಲ್ಲಿ ಕಾಡುವುದು ಲಜ್ಜೆ. ಸ್ತುತಿ ಮತ್ತು ನಿಂದೆ ಎರಡೂ ಜನರ ಬಾಯಿಂದಲೇ ಬರುವ ಶಬ್ದಗಳು. ಆದ್ದರಿಂದ ಸಂತೆಯ ಚಿತ್ರ ಕೊನೆಯಲ್ಲೇ ಇರಬೇಕು. ಅದು ಬೆಟ್ಟ ಮತ್ತು ಸಮುದ್ರಗಳಿಂದ ನಮ್ಮನ್ನು ಕೈಹಿಡಿದು ಊರೊಳಗೆ ಕರೆತಂದು ನೇರಮಾತಿನ ಬಾಗಿಲಲ್ಲಿ ನಿಲ್ಲಿಸುತ್ತದೆ. ಚಿತ್ರಗಳ ಸ್ಥಾನ ಅದಲುಬದಲು ಮಾಡಿ ಓದಿಸಿದರೆ ಮಕ್ಕಳ ಕಿವಿಗೇ ವ್ಯತ್ಯಾಸ ತಿಳಿಯುತ್ತದೆ.

ಸಾಲಿನ ಕೊನೆಗೆ ಮತ್ತೆ ಮತ್ತೆ ಬರುವ ‘ಎಂತಯ್ಯಾ’ ಎಂಬುದನ್ನು ಮೊದಲು ಗುರುತಿಸುವವರು ಸಾಮಾನ್ಯವಾಗಿ ಉರ್ದು ಮನೆಮಾತಿನ ಮಕ್ಕಳು. ಗಜಲ್ ಮತ್ತು ಕವ್ವಾಲಿಗಳನ್ನು ಕೇಳಿ ಬೆಳೆದ ಅವರಿಗೆ ರದೀಫಿನ, ಅಂದರೆ ಸಾಲಿನ ಕೊನೆಗೆ ಮರಳಿ ಬರುವ ಪದದ, ರೂಢಿ ಇರುತ್ತದೆ. ಒಂದೇ ಪದ ಮರಳಿ ಬರುವಾಗ ಅದರ ಹಿಂದಿನ ಪದಕ್ಕೆ ಕಿವಿಗೊಡಬೇಕೆಂಬುದು ಅವರಿಗೆ ಗೊತ್ತು. ಕನ್ನಡ ಅವರಿಗೆ ಕಷ್ಟ ಎಂದು ಮೊದಲೇ ತೀರ್ಮಾನಿಸುವವರು ಈ ಶಕ್ತಿಯನ್ನು ಬಳಸಿಕೊಳ್ಳುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

‘ನುಡಿದರೆ ಮುತ್ತಿನ ಹಾರದಂತಿರಬೇಕು’ ವಚನದಲ್ಲಿಯೂ ಇದೇ ಕೀಲಿಕೈ ಕೆಲಸ ಮಾಡುತ್ತದೆ. ಮುತ್ತು, ಮಾಣಿಕ್ಯದ ದೀಪ್ತಿ, ಸ್ಫಟಿಕದ ಶಲಾಕೆ ಎಂಬ ಮೂರು ಉಪಮೆಗಳೂ ಹೊಳಪಿನವು. ನಾಲ್ಕನೆಯ ‘ನುಡಿದರೆ’ ಉಪಮೆಯನ್ನು ಬಿಟ್ಟು ಲಿಂಗ ಮೆಚ್ಚುವ ಮಾತಿಗೆ ಹೋಗುತ್ತದೆ, ಐದನೆಯ ಸಾಲು ನುಡಿಯಿಂದ ನಡೆಗೆ ಹೊರಳುತ್ತದೆ. ಹೊಳೆಯುವ ಮಾತನ್ನು ಹೊಗಳಿದಂತೆ ಮಾಡಿ, ಅಷ್ಟೇ ಸಾಲದು ಎನ್ನುವ ವಚನವಿದು.

ಮಳಖೇಡ ನಮ್ಮ ತಾಲ್ಲೂಕಿನಲ್ಲೇ, ಕಾಗಿಣಾ ನದಿಯ ದಂಡೆಯಲ್ಲಿದೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಆ ಮಾನ್ಯಖೇಟದಲ್ಲಿ, ನೃಪತುಂಗನ ಆಸ್ಥಾನದಲ್ಲಿ, 9ನೆಯ ಶತಮಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವೇ ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥ, ಅದು ಅಲಂಕಾರಶಾಸ್ತ್ರದ ಗ್ರಂಥವೂ ಹೌದು. ದಂಡಿಯ ‘ಕಾವ್ಯಾದರ್ಶ’ವನ್ನು ಬಹುಮಟ್ಟಿಗೆ ಆಧರಿಸಿದ ಅದರ ಮೂರು ಪರಿಚ್ಛೇದಗಳಲ್ಲಿ ಶಬ್ದಾಲಂಕಾರ ಎರಡನೆಯದಕ್ಕೆ, ಅರ್ಥಾಲಂಕಾರ ಮೂರನೆಯದಕ್ಕೆ ಬರುತ್ತವೆ, ಮೊದಲನೆಯದು ದೋಷ ಮತ್ತು ಅದೋಷಗಳ ವಿಚಾರ. ಅಂದವಾದುದನ್ನು ಎಣಿಸುವ ಮುನ್ನ ಮಾತು ಸರಿಯಾಗಿ ಕೂಡಿದೆಯೇ ಎಂದು ನೋಡುವ ಆ ಅನುಕ್ರಮ ನನಗೆ ಬಹಳ ಹಿಡಿಸಿತು. ಅಲಂಕಾರವನ್ನು ಹುಡುಕುವ ಮೊದಲು ಅನ್ವಯ ಮಾಡಿಸುವುದನ್ನು, ಅಂದರೆ ಪದಗಳನ್ನು ಗದ್ಯದ ಕ್ರಮಕ್ಕೆ ಜೋಡಿಸುವುದನ್ನು, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ಕೇಳುವುದನ್ನು ನಾನು ಅದರಿಂದಲೇ ಪಾಠದ ಮೊದಲ ಹೆಜ್ಜೆಯಾಗಿ ಮಾಡಿಕೊಂಡೆ.

ಆರು ಪಾದಗಳ ಷಟ್ಪದಿಗೆ ಬಂದಾಗ ಈ ‘ಯಾರು ಯಾರಿಗೆ’ ಎಂಬ ಪ್ರಶ್ನೆಯೇ ಮುಖ್ಯವಾಗುತ್ತದೆ. ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯ ಚಕ್ರವರ್ತಿ ಎನ್ನುತ್ತಾರೆ. ಆದರೆ ಕಥನಕಾವ್ಯದಲ್ಲಿ ರೂಪಕ ಕವಿಯದೇ ಆಗಿರಬೇಕೆಂದಿಲ್ಲ, ಅದು ಮಾತನಾಡುವ ಪಾತ್ರದ ಸಿಟ್ಟಿನದೋ ದುಃಖದ್ದೋ ಆಗಿರಬಹುದು. ಪಾತ್ರದ ಮಾತನ್ನು ಕಾವ್ಯದ ಆಶಯವೆಂದು ಬರೆಯುವುದು ಮಕ್ಕಳಲ್ಲಿ ಸಾಮಾನ್ಯ. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು ಮತ್ತು ಐದನೆಯ ಪಾದಗಳಿಗೆ 14 ಮಾತ್ರೆ, ಮೂರು ಮತ್ತು ಆರನೆಯ ಪಾದಗಳಿಗೆ 23 ಮಾತ್ರೆ. ಲಘು ಗುರುಗಳನ್ನು ಗುರುತಿಸುವ ಪ್ರಸ್ತಾರ ಹಾಕಿಸಿದ ಮೇಲೆ, ಆ ಉದ್ದನೆಯ ಪಾದಗಳಿಗೆ ಕವಿ ಯಾವ ಮಾತನ್ನು ಕೊಟ್ಟಿದ್ದಾನೆ ಎಂದೂ ನೋಡಿಸುತ್ತೇನೆ.

ತತ್ವಪದಗಳಲ್ಲಿ ಮಾತ್ರ ನನ್ನ ಕೀಲಿಕೈ ತಿರುಗುವುದಿಲ್ಲ. ಕಡಕೋಳ ಮಡಿವಾಳಪ್ಪನವರ ಪರಂಪರೆಯ ಹಾಡುಗಳನ್ನು ಏಕತಾರಿ ಮತ್ತು ದಮ್ಮಡಿಗಳೊಂದಿಗೆ ಹಾಡುವ ಭಜನೆಯ ಮನೆಗಳು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇವೆ. ಶಿಶುನಾಳ ಶರೀಫರ ‘ಕೋಡಗನ ಕೋಳಿ ನುಂಗಿತ್ತ’ ಪದವಂತೂ ಮಕ್ಕಳಿಗೆ ಶಾಲೆಗೆ ಬರುವ ಮೊದಲೇ ಗೊತ್ತಿರುತ್ತದೆ. ಅಲ್ಲಿ ಅಲಂಕಾರ ನಿಂತು ನೇರಮಾತು ಮೊದಲಾಗುವ ಸಾಲೇ ಇಲ್ಲ. ಆಡು ಆನೆಯನ್ನು, ಗೋಡೆ ಸುಣ್ಣವನ್ನು ನುಂಗುತ್ತ ಹೋಗಿ, ಕೊನೆಗೆ ಗುರುವಿನ ಪಾದ ಹಾಡುವವನನ್ನೇ ನುಂಗುತ್ತದೆ. ಒಗಟಿನಂತೆ ಮಾತಾಡುವ ಇಂಥ ಬೆಡಗಿನ ಪದಗಳಿಗೆ ಕೋಳಿ ಎಂದರೆ ಇದು, ಕೋಡಗ ಎಂದರೆ ಅದು ಎಂದು ಒಂದೊಂದಕ್ಕೂ ಅರ್ಥ ಕಟ್ಟಿಕೊಡುವುದು ನನಗೆ ಒಪ್ಪಿಗೆಯಿಲ್ಲ. ಅದರ ಬದಲು, ಪ್ರತಿ ಸಾಲಿನಲ್ಲೂ ಏನು ಒಂದೇ ರೀತಿ ನಡೆಯುತ್ತಿದೆ ಎಂದು ಕೇಳುತ್ತೇನೆ. ಚಿಕ್ಕದು ದೊಡ್ಡದನ್ನು ನುಂಗುತ್ತದೆ, ಒಳಗಾಗಬೇಕಾದದ್ದು ಒಳಗೊಳ್ಳುತ್ತದೆ ಎಂದು ಮಕ್ಕಳು ಹೇಳುತ್ತಾರೆ. ಕೊನೆಯಲ್ಲಿ ನುಂಗಿಸಿಕೊಂಡವನು ಯಾರು, ಅವನಿಗೆ ಅದು ದುಃಖವೋ ಸಂತೋಷವೋ ಎಂಬ ಎರಡನೆಯ ಪ್ರಶ್ನೆಗೆ ಉತ್ತರ ಬೇಕಾದರೆ ಹಾಡಿಯೇ ನೋಡಬೇಕು. ಆದ್ದರಿಂದ ಭಜನೆಯ ಮನೆಯ ಮಕ್ಕಳಿಂದ ಹಾಡಿಸುತ್ತೇನೆ. ಬರೀ ಓದಿದಾಗ ಒಗಟಿನಂತೆ ಕಂಡದ್ದು, ಹಾಡಿದಾಗ ಬಿಡುಗಡೆಯ ಮಾತು ಎಂದು ತಿಳಿಯುತ್ತದೆ.

ಬರವಣಿಗೆಗೆ ಒಂದು ಪುಟ ಸಾಕು. ಪದ್ಯವನ್ನು ಸ್ವಂತ ಕೈಬರಹದಲ್ಲಿ ಬರೆಯಬೇಕು. ಅಲಂಕಾರವಿರುವ ಸಾಲನ್ನು ಮನೆಯಲ್ಲಿ ಆಡುವ ಮಾತಿನಲ್ಲಿ, ಅಲಂಕಾರ ತೆಗೆದು ಬರೆಯಬೇಕು. ಹಾಗೆ ಬರೆದಾಗ ಏನು ಕಳೆಯಿತು ಎಂದು ಹೇಳಬೇಕು, ಮತ್ತು ಆಶಯದ ವಾಕ್ಯದ ಮುಂದೆ ಅದಕ್ಕೆ ಆಧಾರವಾದ ಸಾಲನ್ನು ತೋರಿಸಬೇಕು. ಸಾಲು ತೋರಿಸಲಾಗದ ಆಶಯ ಎಷ್ಟೇ ಒಳ್ಳೆಯದಿದ್ದರೂ ನಾನು ಅಂಕ ಕೊಡುವುದಿಲ್ಲ. ಸಾಲು ತೋರಿಸಿದ ಆಶಯ ನನ್ನ ಅಭಿಪ್ರಾಯಕ್ಕಿಂತ ಬೇರೆಯಾಗಿದ್ದರೂ ಪೂರ್ಣ ಅಂಕ ಕೊಡುತ್ತೇನೆ. ಶಾಲಾ ಹಂತದ ಪರೀಕ್ಷೆಗಳಲ್ಲಿ ಪ್ರಶ್ನೆಯನ್ನೂ ಬದಲಿಸಿದ್ದೇನೆ. ಅಲಂಕಾರವನ್ನು ಹೆಸರಿಸಿ ಸಮನ್ವಯಗೊಳಿಸಿರಿ ಎಂಬುದರ ಕೆಳಗೆ, ಈ ಸಾಲಿನಲ್ಲಿ ಈ ಅಲಂಕಾರ ಇಲ್ಲದಿದ್ದರೆ ಪದ್ಯದ ಆಶಯಕ್ಕೆ ಏನಾಗುತ್ತಿತ್ತು ಎಂಬ ಇನ್ನೊಂದು ಪ್ರಶ್ನೆ ಇರುತ್ತದೆ, ಮತ್ತು ಅದಕ್ಕೆ ಮೊದಲಿನದಕ್ಕಿಂತ ಹೆಚ್ಚು ಅಂಕ ಇಡುತ್ತೇನೆ.