ಕಿಂಡಿ ಅಣೆಕಟ್ಟು ನೋಡುವುದು ಹೇಗೆ, ನೋಡಿದ್ದನ್ನು ಬರೆದುಕೊಡುವುದು ಹೇಗೆ

ಕಂಬಗಳ ನಡುವಿನ ಕಿಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುವ ಸಣ್ಣ ಅಡ್ಡಗಟ್ಟೆಯೇ ಕಿಂಡಿ ಅಣೆಕಟ್ಟು. ಪತ್ತನಾಜೆಯ (ತುಳುವರ ಬೇಷ ತಿಂಗಳ ಹತ್ತನೇ ದಿನ, ಮೇ ಕೊನೆಯ ಸುಮಾರಿಗೆ) ಹೊತ್ತಿಗೆ ಅದರ ಹಲಗೆಗಳೆಲ್ಲ ಮೇಲೆ ಬಂದಿರಬೇಕು. ಇದನ್ನು ನಮ್ಮ ಕರಾವಳಿ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹಲಗೆ ತೆಗೆದು ಮಳೆ ಹಿಡಿಯುವ ನಡುವಿನ ಆ ಕೆಲವು ದಿನಗಳಲ್ಲೇ ಅಣೆಕಟ್ಟಿನ ಬುಡ ಚೆನ್ನಾಗಿ ಕಣ್ಣಿಗೆ ಬೀಳುತ್ತದೆ. ಹಲಗೆಗಳನ್ನು ಶೆಡ್ಡಿಗೆ ಸಾಗಿಸಿ ನಾವು ಮನೆಗೆ ಹೋಗಿಬಿಡುತ್ತೇವೆ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಮಳೆಗಾಲದ ಮೊದಲು ಮತ್ತು ನಂತರ ತಪಾಸಣೆ ಆಗಲೇಬೇಕು ಎನ್ನುತ್ತದೆ. ಆದರೆ ಅದು ಅನ್ವಯಿಸುವುದು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಕೆಲವು ಷರತ್ತುಗಳಿದ್ದರೆ 10 ಮೀಟರಿಗಿಂತ ಮೇಲಿನವಕ್ಕೆ. ತೋಡು, ಹೊಳೆಗಳಿಗೆ ಅಡ್ಡಲಾಗಿರುವ ನಮ್ಮ ಸಣ್ಣ ಕಿಂಡಿ ಅಣೆಕಟ್ಟುಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಕೊಳಕೆ (ಬೇಸಿಗೆಯ ಮೂರನೇ ಭತ್ತದ ಬೆಳೆ) ಗದ್ದೆ, ಅಡಿಕೆ ತೋಟ, ಬಾವಿಯ ನೀರು ಎಲ್ಲವೂ ಅವುಗಳನ್ನೇ ನಂಬಿವೆ. ಹಾಗಾಗಿ ಮೊದಲ ತಪಾಸಣೆ ಊರಿನವರೇ ಮಾಡಬೇಕು.

ಯಾವಾಗ, ಯಾರೊಂದಿಗೆ

ವರ್ಷಕ್ಕೆ ಎರಡು ಸಲವಾದರೂ ಹೋಗಿ. ಮೇ ಕೊನೆಯಲ್ಲಿ, ಹಲಗೆ ತೆಗೆದ ಮೇಲೆ ಒಮ್ಮೆ. ಹಲಗೆ ಹಾಕಿ ನೀರು ತುಂಬಿದ ಒಂದು ವಾರದ ಬಳಿಕ ಇನ್ನೊಮ್ಮೆ. ದೊಡ್ಡ ನೆರೆ ಬಂದರೆ, ಅದು ಇಳಿದ ನಂತರ ಇವೆರಡರ ಜೊತೆಗೆ ಮತ್ತೊಮ್ಮೆ ಹೋಗಿ. ಒಬ್ಬರೇ ಹೋಗಬೇಡಿ. ನೀರು ನಿಂತಿರುವಾಗ ಹಲಗೆಯ ಮೇಲೆ ನಡೆಯಬೇಡಿ, ನೀರು ಧುಮುಕುವ ಗುಂಡಿಗೆ ಯಾವ ಕಾರಣಕ್ಕೂ ಇಳಿಯಬೇಡಿ. ಅಳತೆ ಟೇಪು, ಸುತ್ತಿಗೆ, ಮೇಸ್ತ್ರಿಯ ತೂಗುಗುಂಡು, ಅಡಿ ಗುರುತು ಹಾಕಿದ ಬಿದಿರಿನ ಗಳ, ಒಂದು ಬಕೆಟ್, ಬಣ್ಣದ ಡಬ್ಬಿ ಮತ್ತು ಮೊಬೈಲ್ ಇದ್ದರೆ ಸಾಕು.

ಮೊದಲು ದಡ

ಎಲ್ಲರ ಕಣ್ಣೂ ನೇರ ಕಾಂಕ್ರೀಟಿಗೆ ಹೋಗುತ್ತದೆ. ನೀವು ದಡದಿಂದ ಶುರುಮಾಡಿ. ನಮ್ಮೂರಿನ ಅಣೆಕಟ್ಟಿನಲ್ಲಿ ಕಾಂಕ್ರೀಟು ಇಂದಿಗೂ ಗಟ್ಟಿಯಾಗಿದೆ. ಪಕ್ಕದ ಮಣ್ಣನ್ನು ನೀರು ಕೊರೆದು, ಗೋಡೆಯನ್ನು ಬಳಸಿಕೊಂಡು ಹರಿದು, ಒಂದು ತೋಟದ ಅಂಚನ್ನೇ ಒಯ್ದಿತು. ಹಿಂದಿನ ಬೇಸಿಗೆಯಲ್ಲೇ ಅಲ್ಲಿ ಸಣ್ಣ ಕುಸಿತ ಕಂಡಿತ್ತು. ನಾವು ಬರೆದುಕೊಟ್ಟದ್ದು ಒಂದೇ ಸಾಲು: "ಅಣೆಕಟ್ಟು ಹಾಳಾಗಿದೆ, ಸರಿಪಡಿಸಿ." ಎಲ್ಲಿ, ಎಷ್ಟು ಎಂಬುದು ಅದರಲ್ಲಿರಲಿಲ್ಲ. ಆ ಸಾಲನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ರೆಕ್ಕೆ ಗೋಡೆಯ (ಅಣೆಕಟ್ಟಿನ ತುದಿಯಲ್ಲಿ ದಡದ ಮಣ್ಣನ್ನು ಹಿಡಿದಿಡುವ ಗೋಡೆ) ಹಿಂದೆ ಮಣ್ಣು ತಗ್ಗಿದೆಯೇ, ಏಡಿ, ಹೆಗ್ಗಣದ ಬಿಲಗಳಿವೆಯೇ, ಮರದ ಬೇರು ಗೋಡೆಯೊಳಗೆ ನುಗ್ಗಿದೆಯೇ ನೋಡಿ. ಗೋಡೆಯಲ್ಲಿ ನೀರು ಬಸಿಯಲು ಬಿಟ್ಟ ತೂತುಗಳು ಮುಚ್ಚಿದ್ದರೆ ಹಿಂದಿನ ಒದ್ದೆ ಮಣ್ಣು ಗೋಡೆಯನ್ನು ಹೊಳೆಯ ಕಡೆಗೆ ದೂಡುತ್ತದೆ. ತೂಗುಗುಂಡು ಇಳಿಬಿಟ್ಟು ವಾಲಿಕೆಯನ್ನು ಅಳೆಯಿರಿ.

ಕಂಬ, ಸಂದು, ಹಾಸು

ಕಂಬಗಳನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಗಟ್ಟಿ ಕಾಂಕ್ರೀಟು ಠಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡದ್ದು ಡಬ್ಬಡಬ್ಬ ಎನ್ನುತ್ತದೆ. ಉಪ್ಪುನೀರು ಏರುವ ಕಡೆಗಳಲ್ಲಿ ಒಳಗಿನ ಕಬ್ಬಿಣ ಬೇಗ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ. ಬಿರುಕು ಕಂಡರೆ ಅದರ ಎರಡೂ ತುದಿಗೆ ಬಣ್ಣದ ಗೆರೆ ಎಳೆದು ತಾರೀಕು ಬರೆಯಿರಿ. ಮುಂದಿನ ಸಲ ಬಿರುಕು ಆ ಗೆರೆ ದಾಟಿದ್ದರೆ ಅದು ಬೆಳೆಯುತ್ತಿದೆ ಎಂದರ್ಥ. ಹಲಗೆ ಇಳಿಸುವ ಸಂದುಗಳ ಅಂಚು ಮುರಿದಿದೆಯೇ, ಕಂಬಗಳ ನಡುವೆ ಮರದ ದಿಮ್ಮಿ ಸಿಕ್ಕಿಕೊಂಡಿದೆಯೇ ಎಂಬುದನ್ನೂ ನೋಡಿ. ದಿಮ್ಮಿ ಅಡ್ಡ ಬಿದ್ದರೆ ನೀರು ದಡ ಹುಡುಕುತ್ತದೆ.

ಎಂಜಿನಿಯರ್‌ಗಳು ಏಪ್ರನ್ ಎನ್ನುವ ಕೆಳಭಾಗದ ಕಾಂಕ್ರೀಟ್ ಹಾಸು ಮುಗಿಯುವಲ್ಲಿ ಹೆಚ್ಚು ಹೊತ್ತು ನಿಲ್ಲಿ. ಕಿಂಡಿಯಿಂದ ರಭಸವಾಗಿ ಬರುವ ನೀರು ಅಲ್ಲಿ ಗುಂಡಿ ತೋಡುತ್ತದೆ. ಗುಂಡಿ ವರ್ಷದಿಂದ ವರ್ಷಕ್ಕೆ ಹಿಂದಕ್ಕೆ ಸರಿಯುತ್ತಾ ಹಾಸಿನ ಅಡಿಗೆ ಹೋಗುತ್ತದೆ. ಗಳ ಇಳಿಸಿ ಆಳ ಬರೆದುಕೊಳ್ಳಿ.

ನೀರು ತುಂಬಿದಾಗ

ಹಲಗೆ ಸಂದಿನಲ್ಲಿ ಜಿನುಗುವ ತಿಳಿನೀರಿಗೆ ಗಾಬರಿ ಬೇಡ. ಎರಡು ಸಾಲು ಹಲಗೆಗಳ ನಡುವೆ ಮಣ್ಣು ತುಂಬುವುದೇ ಅದನ್ನು ತಡೆಯಲಿಕ್ಕೆ. ಹಾಸಿನ ಅಡಿಯಿಂದಲೋ ದಡದ ಬುಡದಿಂದಲೋ ಬರುವ ನೀರು ಬೇರೆಯೇ ವಿಷಯ. ಅದನ್ನು ಗಾಜಿನ ಲೋಟದಲ್ಲಿ ಹಿಡಿದು ಸ್ವಲ್ಪ ಹೊತ್ತು ಇಡಿ. ತಳದಲ್ಲಿ ಮಣ್ಣು ಕೂತರೆ ನೀರು ಒಳಗಿನ ಮಣ್ಣನ್ನು ಹೊತ್ತು ತರುತ್ತಿದೆ, ಒಳಗೆ ಪೊಳ್ಳು ಬೆಳೆಯುತ್ತಿದೆ. ಕೆಳಗಡೆ ಮರಳು ಕುದಿಯುವ ಹಾಗೆ ಬುಗ್ಗೆ ಏಳುತ್ತಿದ್ದರೂ ಇದೇ ಅರ್ಥ. ಸೋರಿಕೆಯ ಪ್ರಮಾಣಕ್ಕೆ ಬಕೆಟ್ ಸಾಕು: 10 ಲೀಟರಿನ ಬಕೆಟ್ 25 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 24 ಲೀಟರ್.

ಬರೆದುಕೊಡುವುದು

ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತಾಗ ಎಡಗೈ ಕಡೆಯದು ಎಡದಂಡೆ. ನಮ್ಮ ನದಿಗಳು ಪಡುವಣಕ್ಕೆ ಹರಿಯುವುದರಿಂದ ಹೆಚ್ಚಾಗಿ ತೆಂಕು ದಂಡೆಯೇ ಎಡದಂಡೆ. ಮಂಗಳೂರಿನ ಬಳಿ ನೇತ್ರಾವತಿಯಲ್ಲಿ ಹರೇಕಳ ಎಡಕ್ಕೆ, ಅಡ್ಯಾರು ಬಲಕ್ಕೆ. ಕಿಂಡಿಗಳನ್ನು ಎಡದಂಡೆಯಿಂದ ಎಣಿಸಿ ನಂಬರು ಕೊಡಿ. ಆಗ ವರದಿಯ ಸಾಲು ಹೀಗಿರುತ್ತದೆ:

"ಎಡದಂಡೆಯಿಂದ 3ನೇ ಕಿಂಡಿಯ ಕೆಳಗೆ, ಹಾಸಿನ ಅಂಚಿನಲ್ಲಿ 4 ಅಡಿ ಆಳದ ಗುಂಡಿ, ಕಳೆದ ಮೇ ತಿಂಗಳಲ್ಲಿ 2 ಅಡಿ ಇತ್ತು. ಫೋಟೊ 5 ಮತ್ತು 6."

ಫೋಟೊದಲ್ಲಿ ಟೇಪು ಕಾಣಬೇಕು. ಕಂಡದ್ದು ಬೇರೆ, ಊಹಿಸಿದ್ದು ಬೇರೆ ಎಂದು ವಿಂಗಡಿಸಿ. ದೊಡ್ಡ ಅಣೆಕಟ್ಟುಗಳಲ್ಲಿ ದೋಷಗಳನ್ನು ಮೂರು ವರ್ಗ ಮಾಡುತ್ತಾರೆ: ಒಡೆಯುವ ಅಪಾಯ ತರುವಂಥವು, ಬೇಗ ದುರಸ್ತಿಯಾಗಬೇಕಾದ ದೊಡ್ಡ ದೋಷಗಳು, ವರ್ಷದೊಳಗೆ ಸರಿಪಡಿಸಬಹುದಾದ ಸಣ್ಣವು. ನೀವೂ ಹಾಗೆಯೇ ಮಾಡಿ, ಮೊದಲ ವರ್ಗದ್ದನ್ನು ಪತ್ರದ ತಲೆಯಲ್ಲೇ ಬರೆಯಿರಿ. ಒಂದು ಪ್ರತಿ ಪಂಚಾಯಿತಿಯ ಪಿಡಿಒಗೆ (ಅಭಿವೃದ್ಧಿ ಅಧಿಕಾರಿಗೆ), ಒಂದು ಅಣೆಕಟ್ಟು ಕಟ್ಟಿಸಿದ ಇಲಾಖೆಗೆ (ಹೆಚ್ಚಾಗಿ ಅದು ಸಣ್ಣ ನೀರಾವರಿ).

ಕಲಕು ನೀರು ಒಮ್ಮೆಲೇ ಹೆಚ್ಚಿದರೆ, ದಡ ಕುಸಿಯತೊಡಗಿದರೆ ಪತ್ರ ಬರೆಯುತ್ತ ಕೂರಬೇಡಿ. ಕೆಳಗಿನ ಮನೆಗಳವರನ್ನು ಮೊದಲು ಎಚ್ಚರಿಸಿ, 112ಕ್ಕೋ ಜಿಲ್ಲಾ ಕಂಟ್ರೋಲ್ ರೂಮಿನ 1077ಕ್ಕೋ ಫೋನ್ ಮಾಡಿ. 2019ರ ಜುಲೈ 2ರ ರಾತ್ರಿ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ಒಡೆದಾಗ ಜನ ಮನೆಯೊಳಗೇ ಇದ್ದರು. ಸೋರಿಕೆಯನ್ನು ಗ್ರಾಮಸ್ಥರು ಮೊದಲೇ ತಿಳಿಸಿದ್ದರು.

ಪತ್ರಕ್ಕೆ ಸ್ವೀಕೃತಿಯ ಸೀಲು ಹಾಕಿಸಿಕೊಂಡು ಪ್ರತಿಯನ್ನು ಜೋಪಾನವಾಗಿಡಿ. ಮುಂದಿನ ಸಲ ಅದನ್ನು ಹಿಡಿದುಕೊಂಡು ಹೋಗಿ, ಅದೇ ಜಾಗದಲ್ಲಿ ನಿಂತು, ಅದೇ ಗಳ ಇಳಿಸಿ ಅಳೆಯಿರಿ.